ಪತ್ರ ಬರೆಯುವ ಷಡಕ್ಷರಪ್ಪನವರು ಕುರ್ಚಿ ಹುಡುಕಿದ್ದು

ಮೊದಲು ಆಳನ್ನು ತಕ್ಕಡಿಗೆ ಹಾಕೋಣ. ಎತ್ತರ ಐದಡಿ ಮೂರಂಗುಲ. ತೂಕ ಐದು ಮಣಕ್ಕೆ ನಾಲ್ಕು ಸೇರು ಕಮ್ಮಿ. ಹಬ್ಬದ ಮಾರನೆಯ ದಿನ ಸರಿಯಾಗಿ ಐದು. ಬಣ್ಣ ಹಳೆಯ ಬೆಲ್ಲದ್ದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಲಗಿವಿಯ ಮೇಲೆ ಲೇಖನಿ, ಬಲಗೈಯ ನಡುಬೆರಳಿನಲ್ಲಿ ಲೇಖನಿ ಒತ್ತಿ ಒತ್ತಿ ಎದ್ದ ಅವರೆಕಾಳಿನಷ್ಟು ಗಂಟು. ರೇಷ್ಮೆಗೂಡು ಕೊಳ್ಳುವವರು ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಷಡಕ್ಷರಪ್ಪನವರು ಎಷ್ಟು ಒತ್ತಿದರೂ ತಗ್ಗದ ಗೂಡು. ಅಲ್ಲಾಡಿಸಿದರೆ ಮಾತ್ರ ಸದ್ದು ಅತಿ. ಒಮ್ಮೆ ಮಾತಿಗೆ ಹತ್ತಿದರೆ ಊಟದ ಹೊತ್ತು ಮೀರುತ್ತಿತ್ತು.

ಮಾಲಿನ ದೋಷಗಳನ್ನು ಮುಚ್ಚಿಡಬಾರದು. ಮಾತು ಒಂದು ದೋಷ. ಕೈ ಬಿಗಿ. ತಾವು ಹೇಳಿದ್ದನ್ನು ಇನ್ನೊಬ್ಬರು ಹೇಳಿದರೆ ಅದು ತಪ್ಪು ಎಂದು ವಾದಿಸುವ ಚಾಳಿ ಬೇರೆ. ಗುಣ ಎಂದು ಹೇಳುವುದಾದರೆ ಒಂದೇ ಒಂದಿತ್ತು, ಆದರೆ ಅದು ಮಿಕ್ಕ ಎಲ್ಲವನ್ನೂ ತೂಗಿ ಮೇಲಕ್ಕೆತ್ತುವಂಥದು. ಮೂವತ್ತೊಂದು ವರ್ಷ ಅವರು ಬರೆದ ಕ್ರಯಪತ್ರ, ಪಾಲುಪತ್ರ, ದಾನಪತ್ರಗಳಲ್ಲಿ ಒಂದಾದರೂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ.

ಯುದ್ಧ ಮುಗಿದು ಐದು ವರ್ಷವಾಗಿತ್ತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೇಲೆ ಮದರಾಸು ಸರ್ಕಾರ. ರಿಜಿಸ್ಟ್ರಿ ಕಚೇರಿಯ ಎದುರು ಸಾಲಿನಲ್ಲಿ ಷಡಕ್ಷರಪ್ಪನವರ ಮನೆ. ಮನೆಯ ಮುಂದೆ ತೊಡೆಯೆತ್ತರದ ಜಗಲಿ, ಜಗಲಿಗೆ ಹತ್ತಲು ಅಗಲವಾದ ಒಂದು ಕಲ್ಲುಮೆಟ್ಟಿಲು. ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಇಳಿಜಾರು ಮುಚ್ಚಳದ ಮರದ ಡೆಸ್ಕು, ಅದರ ಹಿಂದೆ ಚಕ್ಕಂಬಕ್ಕಳ ಹಾಕಿದ ಷಡಕ್ಷರಪ್ಪನವರು. ಪತ್ರ ಬರೆಸಲು ಬಂದವರು ಅದೇ ಚಾಪೆಯ ಮೇಲೆ ಸುತ್ತ ಕೂರುತ್ತಿದ್ದರು. ಎಲೆಅಡಿಕೆ ತಟ್ಟೆ ನಡುವೆ ಓಡಾಡುತ್ತಿತ್ತು.

ಅವರ ಕಸುಬಿನ ಗುಟ್ಟು ಡೆಸ್ಕಿನಲ್ಲಿರಲಿಲ್ಲ, ಎಲೆಅಡಿಕೆ ತಟ್ಟೆಯಲ್ಲಿತ್ತು. ಜಮೀನಿನ ವಿಷಯ ಕೇಳಿದರೆ ರೈತ ಹುಷಾರಾಗುತ್ತಾನೆ. ಎತ್ತಿನ ವಿಷಯ ಕೇಳಿದರೆ ಜಮೀನು ತಾನಾಗಿ ಹೊರಗೆ ಬರುತ್ತದೆ. "ಎತ್ತು ಎಲ್ಲಿ ಮೇಯ್ತವ? ನೀರ್ಗ ಎಲ್ಲಿಗ ಓಯ್ತವ? ಆ ದಾರಿ ಯಾರ ಒಲದ ಮ್ಯಾಲ ಓಯ್ತದ?" ಇಷ್ಟು ಕೇಳುವಷ್ಟರಲ್ಲಿ ದಾರಿಯ ಹಕ್ಕು, ಕಟ್ಟೆಯ ನೀರು, ಬೇಲಿಯ ಹುಣಸೆಮರ, ತಮ್ಮನ ಎರಡನೆಯ ಹೆಂಡತಿ ಎಲ್ಲವೂ ಚಾಪೆಯ ಮೇಲೆ ಬಂದು ಬೀಳುತ್ತಿದ್ದವು. ಎರಡು ಗಂಟೆ ಮಾತು, ಒಂದು ಗಂಟೆ ಬರವಣಿಗೆ. ಅದಕ್ಕೇ ಅವರ ಪತ್ರದಲ್ಲಿ ವಕೀಲರಿಗೆ ಕೈ ಹಾಕಲು ಸಂದು ಸಿಗುತ್ತಿರಲಿಲ್ಲ.

ಆ ವರ್ಷ ಸತ್ತೇಗಾಲದ ಕಬ್ಬಿನ ಗದ್ದೆಯೊಂದರ ಕ್ರಯಪತ್ರ ಮುಗಿಸಿ, ಮಸಿಯ ಮೇಲೆ ಮರಳು ಉದುರಿಸಿ, ಷಡಕ್ಷರಪ್ಪನವರು "ಏಳೋಣ" ಎಂದರು. ಎಲ್ಲರೂ ಎದ್ದರು. ಅವರು ಏಳಲಿಲ್ಲ.

ಗದ್ದೆ ಕೊಂಡಿದ್ದ ದೊಡ್ಡಮಾದಪ್ಪ ಎರಡು ಕ್ಷಣ ನೋಡಿದ. "ಯಾನ ಅಣ್ಣೋರೆ, ಜಗ್ಲಿಗ ಬೇರು ಬುಟ್ಬುಟ್ರಾ?"

"ನಗ್ಬೇಡ ಕಣ್ಲಾ, ಎತ್ತು" ಎಂದರು ಷಡಕ್ಷರಪ್ಪನವರು ಹಲ್ಲು ಕಚ್ಚಿ.

ಮಾರಿದವನು ಒಂದು ಕಡೆ, ಕೊಂಡವನು ಇನ್ನೊಂದು ಕಡೆ ಹಿಡಿದು, ಭತ್ತದ ಮೂಟೆಯಂತೆ ಅವರನ್ನು ಎತ್ತಿ ಒಳಗೆ ಇಳಿಸಿದರು. ಮಾರಿದವನಿಗೂ ಕೊಂಡವನಿಗೂ ಅಂಥ ಒಗ್ಗಟ್ಟು ಆ ಜಗಲಿಯಲ್ಲಿ ಅದೇ ಮೊದಲು. ಹೆಂಡತಿ ಚನ್ನಾಜಮ್ಮ ಒಳಗಿಂದ ಬಂದು ಸೆರಗಿಗೆ ಕೈ ಒರೆಸಿಕೊಂಡರು.

"ಮೂವತ್ತೊರ್ಸದಿಂದ ಊರೋರ ಒಲದ ಎಲ್ಲೆ ಬರದ್ದೇ ಬರದ್ದು. ನಿಮ್ಮ ಸೊಂಟದ ಎಲ್ಲೆ ಎಲ್ಲಿಗದ ಅಂತ ಒಂದಿನ ನೋಡ್ಕಂಡ್ರಾ?"

"ಎಲ್ಲೆ ಅಲ್ಲ ಕಣೇ, ಚಕ್ಕುಬಂದಿ ಅನ್ಬೇಕು" ಎಂದರು ಮಲಗಿದ್ದವರು. ನೋವಿನಲ್ಲೂ ತಿದ್ದುವುದನ್ನು ಬಿಡಲಿಲ್ಲ.

ಎಣ್ಣೆ ತಿಕ್ಕಿದ್ದಾಯಿತು, ಎಕ್ಕದ ಎಲೆ ಕಟ್ಟಿದ್ದಾಯಿತು. ಎರಡು ವಾರದ ಮೇಲೆ ಆಸ್ಪತ್ರೆಯ ತಮಿಳು ಡಾಕ್ಟರು ಬೆನ್ನನ್ನು ಬೆರಳಲ್ಲಿ ಕುಟ್ಟಿ ನೋಡಿ, "ನೆಲದಲ್ಲಿ ಉಟ್ಕಾರಕ್ಕೂಡಾದು ಸ್ವಾಮಿ. ಕುರ್ಚಿ ಮಾತ್ರ. ಬೆನ್ನಿಗೆ ಆನಿಕೆ ಇರಬೇಕು, ಕಾಲು ಇಳಿಬಿಟ್ಟು ಪಾದ ಊರಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಬರೆಯುವ ಕೆಲಸ ಬೇರೆಯವರಿಗೆ" ಎಂದರು.

ಷಡಕ್ಷರಪ್ಪನವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಜಮೀನಿತ್ತು, ಹೊಟ್ಟೆಗೆ ಭಯವಿರಲಿಲ್ಲ. ಆದರೆ ಬರೆಯದ ಷಡಕ್ಷರಪ್ಪ ಎಂದರೆ ಏನು? ಬೇರೆ ಯಾವನೋ ಬರೆದ ಪತ್ರಗಳು ಕೋರ್ಟು ಹತ್ತುವುದನ್ನು ಜಗಲಿಯ ಮೇಲೆ ಮಲಗಿ ನೋಡುವುದೆ? ಬೆಳಗ್ಗೆ ಎದ್ದವರೇ ಕುರ್ಚಿ ಕೊಳ್ಳುವುದೆಂದು ತೀರ್ಮಾನಿಸಿದರು.

ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಒಂದು ಕುರ್ಚಿ ತರುತ್ತಿದ್ದರು. ಇವರು ಮೊದಲು ಒಂದು ಕಾಗದ ತೆಗೆದುಕೊಂಡು ಕರಡು ಬರೆದರು. "ಸದರಿ ಕುರ್ಚಿಗೆ ಚಕ್ಕುಬಂದಿ: ಪೂರ್ವಕ್ಕೆ ಮೊಣಕಾಲಿನ ಮಡಿಕೆ, ಪಶ್ಚಿಮಕ್ಕೆ ಸೊಂಟದ ಮೂಳೆ, ಉತ್ತರಕ್ಕೂ ದಕ್ಷಿಣಕ್ಕೂ ಮೊಣಕೈ. ಈ ಮಧ್ಯೆ ಇರುವ ಸ್ಥಳ ಆರು ಗಂಟೆ ಕಾಲ ನಿರಾತಂಕವಾಗಿ ಅನುಭವಿಸಲು ಯೋಗ್ಯವಾಗಿರತಕ್ಕದ್ದು." ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಕಂಡ ಕಂಡ ಕುರ್ಚಿಯಲ್ಲಿ ಕೂತು ನೋಡಲು ಹೊರಟರು.

ಮೊದಲನೆಯದು ಪೇಟೆ ಬೀದಿಯ ಕ್ಷೌರದಂಗಡಿಯ ಕುರ್ಚಿ. ತಲೆಗೂ ಆನಿಕೆ, ಕಾಲಿಗೂ ಹಲಗೆ. ಷಡಕ್ಷರಪ್ಪನವರು ಹತ್ತಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟು, ಮಸಿದೌತಿಯನ್ನು ಕ್ಷೌರಿಕನ ಸಾಬೂನಿನ ಪಕ್ಕಕ್ಕಿಟ್ಟು ಒಂದು ಪುಟ ಬರೆದೇಬಿಟ್ಟರು. ಹಿಂದೆ ಮೂವರು ಗಡ್ಡ ಸವರಿಕೊಳ್ಳುತ್ತಾ ಕಾದು ನಿಂತಿದ್ದರು.

ಕ್ಷೌರಿಕ ಕತ್ತಿಯನ್ನು ತೊಗಲಿನ ಪಟ್ಟಿಗೆ ಎಳೆಯುತ್ತಾ ಕೇಳಿದ: "ಸಾ, ತಮ್ಗ ಕೂದ್ಲು ತಗೀಬೇಕೋ, ಇಲ್ಲ ನಾನು ಅಂಗ್ಡಿ ತಮ್ಮೆಸ್ರಿಗ ಬರ್ಕೊಡ್ಬೇಕೋ?"

"ಕುತ್ಗ ನೆಟ್ಗ ನಿಲ್ತದ, ಆದ್ರ ಸೊಂಟ ಜಾರ್ತದ ಕಣಪ್ಪ" ಎಂದು ತೀರ್ಪು ಕೊಟ್ಟು ಇಳಿದರು.

ಹನೂರಿಗೆ ಒಬ್ಬರ ಸಹಿಗೆಂದು ಹೋದಾಗ ಬಸ್ ಏಜೆಂಟನ ಮಡಚುವ ಕಬ್ಬಿಣದ ಕುರ್ಚಿ ಕಣ್ಣಿಗೆ ಬಿತ್ತು. ಹಗುರ, ಅಗ್ಗ, ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಕೂತರು. ಚೆನ್ನಾಗಿತ್ತು. ಏಳುವಾಗ ಕುರ್ಚಿ ತಾನೇ ಮಡಚಿಕೊಂಡು ಪಂಚೆಯ ಸಮೇತ ಅವರ ಹಿಂಭಾಗವನ್ನು ಹಿಡಿದುಕೊಂಡಿತು. ಬಸ್ಸಿಗೆ ಕಾದಿದ್ದ ಹೆಂಗಸರು ಮುಖ ತಿರುಗಿಸಿ ನಕ್ಕರು. ಏಜೆಂಟ್ ಮಾತ್ರ ಗಂಭೀರವಾಗಿ, "ಅದು ಅಂಗೇ ಸಾ. ಪರಿಚಯ ಆಗಗಂಟ ಕಚ್ತದ" ಎಂದ.

ಆಮೇಲೆ ಯಾರೋ ಅವರ ತಲೆಗೆ ಒಂದು ಹುಳ ಬಿಟ್ಟರು: ಒಳ್ಳೆಯ ಕುರ್ಚಿ ಬೇಕಾದರೆ ಮೈಸೂರು ಸೀಮೆಗೆ ಹೋಗಬೇಕು, ಮಹಾರಾಜರಿದ್ದ ಕಡೆ ಕೂರುವ ವಿದ್ಯೆ ಬೆಳೆದಿರುತ್ತದೆ. ಯಳಂದೂರು ಮೈಸೂರಿಗೆ ಸೇರಿದ್ದು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಗೋವಿಂದಯ್ಯ ಎಂಬ ನಿವೃತ್ತ ಶೇಕ್‌ದಾರರು ಮಗಳ ಊರಿಗೆ ಹೊರಟು ಮನೆಯ ಸಾಮಾನು ಮಾರುತ್ತಿದ್ದರು. ಅವರ ಹಜಾರದಲ್ಲಿ ಬೆತ್ತ ಹೆಣೆದ, ಕಾಲು ಚಾಚಲು ಎರಡು ಕೈ ಮುಂದಕ್ಕೆ ಬರುವ ಆರಾಮ ಕುರ್ಚಿ. ಷಡಕ್ಷರಪ್ಪನವರು ಹನ್ನೊಂದು ಗಂಟೆಗೆ ಅದರಲ್ಲಿ ಕೂತು, ಜೇಬಿನಿಂದ ಕರಡು ತೆಗೆದು, ಪೂರ್ವಕ್ಕೆ ಮೊಣಕಾಲು ಎಂದು ಓದತೊಡಗಿದರು. ಪಶ್ಚಿಮಕ್ಕೆ ಬರುವ ಮೊದಲೇ ಕಣ್ಣು ಮುಚ್ಚಿತು. ಎಚ್ಚರವಾದಾಗ ಎರಡೂವರೆ. ಊರಿಗೆ ಹೋಗುವ ಬಸ್ಸು ಹೋಗಿತ್ತು. ಗೋವಿಂದಯ್ಯನವರು ಎದುರಿಗೆ ಸ್ಟೂಲಿನ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದರು.

"ಹೇಗಿದೆ ಕುರ್ಚಿ?"

"ಭೇಷಾಗಿದೆ ಸ್ವಾಮಿ. ಆದರೆ ಬರೆದು ನೋಡಲಾಗಲಿಲ್ಲ."

"ನಾನೂ ಇಪ್ಪತ್ತು ವರ್ಷ ಇದರಲ್ಲಿ ಕೂತಿದ್ದೇನೆ" ಎಂದರು ಗೋವಿಂದಯ್ಯನವರು ಪ್ರಾಮಾಣಿಕವಾಗಿ. "ಒಂದಕ್ಷರ ಬರೆದಿಲ್ಲ. ಅದಕ್ಕೇ ಮಸಿಯ ಕಲೆ ಇಲ್ಲ ನೋಡಿ."

ನಿದ್ದೆಯ ಸುಖ ಬೇರೆ, ದುಡಿಮೆಯ ಸುಖ ಬೇರೆ ಎಂಬುದನ್ನು ಷಡಕ್ಷರಪ್ಪನವರು ಹತ್ತು ಮೈಲಿ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಬರುತ್ತಾ ಕಲಿತರು. ಆ ಕುಲುಕಿನ ಬೆಲೆ ಸೊಂಟ ಮೂರು ದಿನ ವಸೂಲು ಮಾಡಿತು.

ಕೊನೆಗೆ ಹೋಗಿದ್ದು ಊರಿನ ಬಡಗಿ ಕೆಂಪನಂಜಾಚಾರಿಯ ಹತ್ತಿರ. ಮೊದಲೇ ಹೋಗಬಹುದಿತ್ತು, ಆದರೆ ಮೊದಲೇ ಹೋಗಬಹುದಾದ ಕಡೆಗೆ ಮೊದಲೇ ಹೋಗುವವರು ಯಾರಿದ್ದಾರೆ? ಆಚಾರಿ ಕರಡನ್ನು ಕೈಗೆ ತೆಗೆದುಕೊಂಡು, ಓದು ಬಾರದಿದ್ದರೂ ಮೇಲೆ ಕೆಳಗೆ ನೋಡಿ ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ.

"ಕಾಗ್ದ ಕೂತ್ಕಳಲ್ಲ ಅಣ್ಣೋರೆ. ನೀವು ಕೂತ್ಕಳಿ."

ಒಂದು ಗೋಣಿಚೀಲದ ತುಂಬ ಮರದ ಹೊಟ್ಟು ತುಂಬಿಸಿ ಅದರ ಮೇಲೆ ಅವರನ್ನು ಕೂರಿಸಿದ. ಕಾಲು ಗಂಟೆ ಏನೂ ಮಾಡಲಿಲ್ಲ, ಬೀಡಿ ಸೇದಿದ. ಆಮೇಲೆ ಎಬ್ಬಿಸಿ, ಹೊಟ್ಟಿನಲ್ಲಿ ಬಿದ್ದ ಗುಳಿಯನ್ನು ದಾರದಿಂದ ಅಳೆದ. ಗೋಡೆಗೆ ಒರಗಿಸಿ, ಸೊಂಟಕ್ಕೂ ಗೋಡೆಗೂ ನಡುವೆ ಕೈ ತೂರಿಸಿ ಸಂದು ನೋಡಿದ. ಬರೆಯುವ ಹಾಗೆ ಮೊಣಕೈ ಮಡಚಿಸಿ, ನೆಲದಿಂದ ಎಷ್ಟು ಎತ್ತರ ಎಂದು ಸೀಮೆಸುಣ್ಣದಲ್ಲಿ ಗೋಡೆಗೆ ಗೆರೆ ಎಳೆದ.

ಹೊನ್ನೆಯ ಮರದ ಕುರ್ಚಿ ಇಪ್ಪತ್ತು ದಿನಕ್ಕೆ ತಯಾರಾಯಿತು. ಸೊಂಟದ ಸಂದಿಗೆ ಸರಿಯಾಗಿ ಬೆನ್ನು ಮುಂದಕ್ಕೆ ಉಬ್ಬಿತ್ತು. ಕೂರುವ ಜಾಗಕ್ಕೆ ಮೇದರವನ ಕೈಯಲ್ಲಿ ಹೆಣೆಸಿದ ಬೆತ್ತ. ಬಲಗೈ ಮರ ಎಡಗೈ ಮರಕ್ಕಿಂತ ಆರಂಗುಲ ಉದ್ದ, ಅದರ ತುದಿಯಲ್ಲಿ ಮಸಿದೌತಿಗೆ ಒಂದು ಕುಣಿ. ಜೊತೆಗೆ ಎತ್ತರಕ್ಕೆ ತಕ್ಕ ಮೇಜು. ಷಡಕ್ಷರಪ್ಪನವರು ಕೂತರು. ಒಂದು ಗಂಟೆ ಕೂತರು, ಮೂರು ಗಂಟೆ ಕೂತರು. ಎದ್ದರು, ಯಾರೂ ಎತ್ತದೆಯೇ! ಒಳಗೆ ಓಡಿ ಹೋಗಿ ಹೆಂಡತಿಗೆ ಹೇಳಿದರು. ಓಡಿದ್ದನ್ನು ನೋಡಿ ಚನ್ನಾಜಮ್ಮ ಮನೆದೇವರಿಗೆ ಕೈ ಮುಗಿದರು.

ಕುರ್ಚಿಯನ್ನು ಜಗಲಿಯ ಮೇಲೆ ಹಾಕಿಸಿದರು. ಯಡವಟ್ಟು ಆದದ್ದು ಇಲ್ಲೇ.

ಜಗಲಿಯ ಎತ್ತರ, ಅದರ ಮೇಲೆ ಕುರ್ಚಿಯ ಎತ್ತರ, ಅದರ ಮೇಲೆ ಷಡಕ್ಷರಪ್ಪನವರ ಎತ್ತರ. ಬೀದಿಯಿಂದ ಬಂದ ರೈತನಿಗೆ ಜಿಲ್ಲಾ ಜಡ್ಜಿಯ ಹಾಗೆ ಕಂಡರು. ಮೊದಲ ದಿನ ಬಂದವರು ಜಗಲಿ ಹತ್ತಲೇ ಇಲ್ಲ. ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, ಕೆಳಗೆ ಬಿಸಿಲಲ್ಲಿ ನಿಂತರು.

"ಯಾಕ್ರಪ್ಪ, ಬನ್ನಿ, ಕೂತ್ಕಳಿ."

"ಇರ್ಲಿ ಸಾ. ಇಲ್ಲೇ ಸರಿ."

ನಿನ್ನೆಯವರೆಗೆ 'ಅಣ್ಣೋರೆ' ಎನ್ನುತ್ತಿದ್ದವರು ಇವತ್ತು 'ಸಾ' ಎಂದದ್ದು ಷಡಕ್ಷರಪ್ಪನವರ ಕಿವಿಗೆ ಹಿತವಾಗಿ ಕೇಳಿಸಿತು. ಅವರ ಲೆಕ್ಕದಲ್ಲಿ ಅದು ಕುರ್ಚಿಯ ಜೊತೆ ಪುಕ್ಕಟೆ ಬಂದ ಕೊಸರು. ಜನ ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲವೆಂದು ಒಂದು ಬೆಂಚು ತರಿಸಿ ಹಾಕಿದರು. ಜನ ಬೆಂಚಿನ ಪಕ್ಕ ನಿಂತರು. ಎಲೆಅಡಿಕೆ ತಟ್ಟೆ ಮೇಜಿನ ಮೇಲೇ ಉಳಿಯಿತು. ಅಷ್ಟು ಎತ್ತರಕ್ಕೆ ಕೈ ಚಾಚುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೆ ಕೆಲಸ ಕುದುರೆಯ ಹಾಗೆ ಓಡಿತು. ಎತ್ತು ಎಲ್ಲಿ ಮೇಯುತ್ತದೆ ಎಂದು ಕೇಳಿದರೆ "ಎಲ್ಲೋ ಮೇಯ್ತವ ಸಾ" ಎನ್ನುತ್ತಿದ್ದರು. ಓದಿ ಹೇಳಿದರೆ "ಆಯ್ತು ಸಾ" ಎನ್ನುತ್ತಿದ್ದರು. ವಾದವಿಲ್ಲ, ಜಗಳವಿಲ್ಲ. ಮೂರು ಗಂಟೆಯ ಪತ್ರ ಒಂದು ಗಂಟೆಯಲ್ಲಿ ಮುಗಿಯಿತು.

"ನೋಡೇ, ಬೆನ್ನು ನೆಟ್ಗಿದ್ರ ಬುದ್ದಿ ಎಂಗ್ ಓಡ್ತದ" ಎಂದರು ಷಡಕ್ಷರಪ್ಪನವರು ಒಂದು ಸಂಜೆ.

ಚನ್ನಾಜಮ್ಮ ಅವರೆಕಾಯಿ ಬಿಡಿಸುತ್ತಿದ್ದರು. "ನಿಮ್ ಬುದ್ದಿ ಓಡ್ತದೋ, ಬಂದೋರು ಓಡೋಯ್ತಾವ್ರೋ. ಜಗ್ಲಿ ಮ್ಯಾಲ ಮಾತೇ ಇಲ್ಲ. ಸಾವಿನ ಮನ ಇದ್ದಂಗದ."

"ನಿಂಗ ಗದ್ಲ ಇದ್ರೇ ಯಾಪಾರ ಅನ್ನಿಸ್ತದ."

"ನಿಮ್ಮದು ಗದ್ಲದ ಯಾಪಾರವೇ ಅಲ್ವಾ?" ಎಂದರು ಚನ್ನಾಜಮ್ಮ. ಅವರು ಸರಿಯಾಗಿಯೇ ಹೇಳಿದ್ದರು. ಆದ್ದರಿಂದ ಷಡಕ್ಷರಪ್ಪನವರು ಒಪ್ಪಲಿಲ್ಲ.

ಹೀಗೆ ನಲವತ್ತು ದಿನ ಕಳೆಯಿತು. ನಲವತ್ತೊಂದನೆಯ ದಿನ ಕೌದಳ್ಳಿಯ ಕಡೆಯಿಂದ ಪುಟ್ಟಬಸಮ್ಮ ಎಂಬ ಹೆಂಗಸು ಬಂದಳು. ಗಂಡ ತೀರಿಹೋಗಿ ವರ್ಷವಾಗಿತ್ತು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಬ್ಬಳೇ ಗೇಯಲು ಆಗದೆ ಅರ್ಧ ಮಾರುತ್ತಿದ್ದಳು. ತೋಟಕ್ಕೆಲ್ಲ ಇದ್ದದ್ದು ಎತ್ತು ಕಟ್ಟಿ ನೀರೆತ್ತುವ ಒಂದೇ ಕಪಿಲೆ ಬಾವಿ, ಅದು ಮಾರುವ ಅರ್ಧದಲ್ಲಿತ್ತು. ಕೊಳ್ಳುವವನು ಈ ಕಥೆ ಬರೆಯುತ್ತಿರುವ ನಾನು, ಜನ ಸಾವ್ಕಾರ ಎಂದು ಕರೆಯುವವನು. ಸಾಕ್ಷಿಗಳಿಬ್ಬರೂ ನನ್ನ ಕಡೆಯವರು.

ಪುಟ್ಟಬಸಮ್ಮ ಸೆರಗು ಹೊದ್ದು ಬೀದಿಯಲ್ಲಿ ನಿಂತಳು. ಷಡಕ್ಷರಪ್ಪನವರು ಮೇಲಿನಿಂದ ಕೇಳಿದರು, ಅವಳು ಕೆಳಗಿನಿಂದ ತಲೆಯಾಡಿಸಿದಳು. ಗಂಟೆಯೊಳಗೆ ಛಾಪಾ ಕಾಗದದ ಮೇಲೆ ಬರೆದೂ ಆಯಿತು. "ಸದರಿ ಜಮೀನು, ಅದರಲ್ಲಿರುವ ಕಪಿಲೆ ಬಾವಿ ಸಮೇತ, ಸಕಲ ಹಕ್ಕುಗಳೊಂದಿಗೆ" ಎಂದು ಗಟ್ಟಿಯಾಗಿ ಓದಿ, "ಸರಿಯಾ ಅವ್ವಾ?" ಎಂದರು.

"ಆಯ್ತು ಸಾ" ಎಂದಳು ಪುಟ್ಟಬಸಮ್ಮ.

ಕಚೇರಿಯಲ್ಲಿ ಸರದಿ ಬರುವುದು ಮೂರೂವರೆಗೆ. ನಾನು ಹೋಟೆಲಿಗೆ ಊಟಕ್ಕೆ ಹೋದೆ, ಸಾಕ್ಷಿಗಳೂ ಬಂದರು. ಷಡಕ್ಷರಪ್ಪನವರು ಉಂಡು ಬಂದು, ಡಾಕ್ಟರು ಹೇಳಿದ್ದಂತೆ ಬೆನ್ನು ನೆಟ್ಟಗಾಗಲೆಂದು ಜಗಲಿಯ ಮೇಲೆ ಚಾಪೆ ಹಾಸಿ ಅಂಗಾತ ಮಲಗಿದರು. ಪುಟ್ಟಬಸಮ್ಮ ಬೀದಿಯ ಬಿಸಿಲಲ್ಲಿ ರೊಟ್ಟಿ ತಿಂದು ಮುಗಿಸಿದ್ದಳು. ಮಲಗಿದ ಮನುಷ್ಯನನ್ನು ಕಂಡು ಮೆಲ್ಲಗೆ ಜಗಲಿ ಹತ್ತಿ, ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಯಾನ ಅಣ್ಣೋರೆ, ಸೊಂಟ್ವಾ?"

"ಸೊಂಟ್ವೇ ಕಣವ್ವ."

"ನಮ್ಮೆಜಮಾನ್ರಿಗೂ ಇಂಗೇ ಇತ್ತು. ಕಪ್ಲ ಒಡ್ದೂ ಒಡ್ದೂ ಬಂದದ್ದು. ಉಳ್ಳಿಕಾಳ ಉರ್ದು, ಬಟ್ಟೇಲಿ ಕಟ್ಟಿ ಇಟ್ರ ಇಳ್ಕಂಡೋಯ್ತಿತ್ತು. ಅಮ್ಮಾರ್ಗ ಏಳ್ಲಾ?"

"ಏಳು. ಈಗ ಕಪ್ಲ ಯಾರು ಒಡೀತಾರ?"

"ಕೂಲಿಯಾಳು ಮಾಡ್ಕತೀನಿ. ಸೋಮಾರ ಗುರ್ವಾರ ಎಲ್ಡೇ ದಿನ ಅಲ್ವಾ ನಂಗ? ಮಿಕ್ಕದ್ದು ಸಾವ್ಕಾರ್ರಿಗ. ಅಂಗಂತ ಮಾತಾಗದ."

ಷಡಕ್ಷರಪ್ಪನವರು ಸೂರನ್ನೇ ನೋಡುತ್ತಿದ್ದರು. "ಯಾವ ಬಾವಿಲವ್ವ?"

"ಇನ್ಯಾವ ಬಾವಿ ಅಣ್ಣೋರೆ? ಇರಾದು ಒಂದೇ ಬಾವಿ."

"ಬೆಳ್ಗ ನಾನು ಬಾವಿ ಸಮೇತ ಅಂತ ಓದ್ನಲ್ಲ. ನೀನು ಆಯ್ತು ಸಾ ಅಂದ್ಯಲ್ಲ!"

"ನೀವು ಅಷ್ಟೆತ್ರದಲಿ ಕೂತ್ಕಂಡು ಓದ್ತಾ ಇದ್ರ ನಾನು ನಡ್ವ ಬಾಯಾಕಕ್ಕಾದದಾ?" ಪುಟ್ಟಬಸಮ್ಮನಿಗೆ ಆಶ್ಚರ್ಯವಾಯಿತು. "ಸರ್ಕಾರ್ದ ಕಾಗ್ದ ಬರಿಯಾದೇ ಅಂಗೇನೋ ಅನ್ಕಂಡಿ."

ಷಡಕ್ಷರಪ್ಪನವರು ಧಡಕ್ಕನೆ ಎದ್ದು ಕೂತರು. ಸೊಂಟ ಕಳಕ್ಕೆಂದಿತು, ಅವರಿಗೆ ಅದು ತಿಳಿಯಲಿಲ್ಲ. ನಲವತ್ತು ದಿನ, ಐವತ್ತೆರಡು ಪತ್ರ, ಐವತ್ತೆರಡು 'ಆಯ್ತು ಸಾ' ಕಣ್ಣ ಮುಂದೆ ಸಾಲಾಗಿ ನಿಂತವು. ನೀರು ಹೋದ ತೋಟ ಎಷ್ಟು ದಿನ ಬದುಕುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಪತ್ರ ಕೋರ್ಟಿಗೆ ಹೋಗುತ್ತಿತ್ತು. ಹೋಗದಿದ್ದರೆ ಇನ್ನೂ ಕೆಟ್ಟದ್ದು: ಕೋರ್ಟಿಗೆ ಹೋಗುವ ತಾಕತ್ತಿಲ್ಲದ ಒಬ್ಬಳು ಹೆಂಗಸು ಒಣಗಿದ ಕಡ್ಡಿಗಳ ನಡುವೆ ನಿಲ್ಲುತ್ತಿದ್ದಳು.

ನಾನು ಊಟ ಮುಗಿಸಿ ಹಲ್ಲು ಕೆದಕುತ್ತಾ ಬಂದಾಗ ಕುರ್ಚಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿತ್ತು. ಷಡಕ್ಷರಪ್ಪನವರು ಚಾಪೆಯ ಮೇಲೆ ಹಳೆಯ ಡೆಸ್ಕಿನ ಹಿಂದೆ ಕೂತಿದ್ದರು, ಮುಖ ನೋವಿಗೆ ಬೆವರಿತ್ತು. ಪುಟ್ಟಬಸಮ್ಮ ಎದುರಿಗೆ ಕೂತು ಅಡಿಕೆ ಅಗಿಯುತ್ತಿದ್ದಳು.

"ಬನ್ನಿ ಸಾವ್ಕಾರ್ರೆ, ಕೂತ್ಕಳಿ."

"ಎಲ್ಲಿ ಕೂರನ?"

"ಇಲ್ಲೇ, ಚಾಪ ಮ್ಯಾಲ. ನಿಮ್ಮ ಬಿಳೀ ಪಂಚೆಗ ನಮ್ಮನೆ ಚಾಪ ಯಾನೂ ಮಾಡಲ್ಲ."

ಕೂತೆ. ಚಾಪೆ ಚಿಕ್ಕದು, ಮೂವರ ಮೊಣಕಾಲೂ ತಾಗುತ್ತಿದ್ದವು. ಅವರು ಪತ್ರವನ್ನು ಮೊದಲಿನಿಂದ ನಿಧಾನವಾಗಿ ಓದಿದರು. ಬಾವಿಯ ಸಾಲಿಗೆ ಬಂದಾಗ ನಿಲ್ಲಿಸಿ, ಮಾರುವವಳನ್ನು ನೋಡಲಿಲ್ಲ, ಕೊಳ್ಳುವವನನ್ನು ನೋಡಿದರು.

"ಓದಿ ಹೇಳಿದ್ದಾಗಿದೆ" ಎಂದೆ ನಾನು. "ಅಮ್ಮ ಒಪ್ಪಿದ್ದಾಗಿದೆ. ಸಾಕ್ಷಿಗಳೂ ಕೇಳಿಸ್ಕಂಡವ್ರೆ."

"ಆ ಯಮ್ಮ ಒಪ್ಪಿದ್ದು ಪತ್ರಕ್ಕಲ್ಲ ಸಾವ್ಕಾರ್ರೆ, ಕುರ್ಚಿಗ" ಎಂದರು ಷಡಕ್ಷರಪ್ಪನವರು. "ಸೋಮಾರ ಗುರ್ವಾರ ಅಂತ ಮಾತಾಗಿತ್ತಂತಲ್ಲ. ಔದಾ?"

ಗುಟ್ಟೇನಿಲ್ಲ. ಮಾತಾಗಿತ್ತು, ನನ್ನ ಬಾಯಲ್ಲೇ ಆಗಿತ್ತು. ಬೆಳಗ್ಗೆ 'ಬಾವಿ ಸಮೇತ' ಎಂದು ಓದಿದಾಗ ನನಗೆ ಕೇಳಿಸಿತ್ತು, ಅವಳು ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಯಾವ ಕಾನೂನೂ ಹಿಡಿಯುವುದಿಲ್ಲ ಎಂದು ಹೋಟೆಲಿನಲ್ಲಿ ಅನ್ನ ಕಲಸುತ್ತಾ ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅಷ್ಟು ಎತ್ತರದಲ್ಲಿ ಕೂತವರ ಎದುರು ನಿಜ ನುಂಗುವುದು ಸುಲಭ. ಮೊಣಕಾಲಿಗೆ ಮೊಣಕಾಲು ತಾಗಿಸಿ, ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿರುವವರ ಎದುರು ಅದು ಗಂಟಲಿನಿಂದ ಇಳಿಯುವುದಿಲ್ಲ.

"ಔದು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬರೆದಿದ್ದ ಪತ್ರವನ್ನು ಅಡ್ಡಕ್ಕೆ ಗೀಟು ಎಳೆದು, ತಮ್ಮ ಖರ್ಚಿನಲ್ಲಿ ಹೊಸ ಛಾಪಾ ಕಾಗದ ತರಿಸಿ, ಅಲ್ಲೇ ಆ ಚಾಪೆಯ ಮೇಲೆ ಎರಡು ಗಂಟೆ ಕೂತು ಮತ್ತೆ ಬರೆದರು. ಬಾವಿ ಇಬ್ಬರಿಗೂ ಸೇರಿದ್ದು, ವಾರಕ್ಕೆ ಎರಡು ದಿನದ ನೀರು ಅವಳಿಗೂ ಅವಳ ಮುಂದಿನವರಿಗೂ, ಕಾಲುವೆ ಹಾಯಲು ನನ್ನ ನೆಲದಲ್ಲಿ ಮೂರಡಿ ದಾರಿ. ಮೂರಡಿಯ ವಿಷಯ ನಮ್ಮ ಮಾತಿನಲ್ಲಿ ಬಂದಿರಲಿಲ್ಲ. ಪುಟ್ಟಬಸಮ್ಮನ ಎತ್ತು ನೀರಿಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿ ತಿಳಿದುಕೊಂಡಿದ್ದರು. ನೋಂದಣಿ ಮುಗಿದ ಮೇಲೆ, ಆ ಸಂಜೆ ಅವರನ್ನು ಎತ್ತಿ ಒಳಗೆ ಇಳಿಸಲು ನಾನೂ ಕೈ ಹಚ್ಚಿದೆ.

ಮರುದಿನದಿಂದ, ಆ ನಲವತ್ತು ದಿನಗಳಲ್ಲಿ ಪತ್ರ ಬರೆಸಿದವರಿಗೆಲ್ಲ ಹೇಳಿಕಳಿಸಿ, ಒಬ್ಬೊಬ್ಬರನ್ನೇ ಕೂರಿಸಿ, ಎಲೆಅಡಿಕೆ ಕೊಟ್ಟು, ಮತ್ತೆ ಓದಿ ಹೇಳಿದರು. ಇನ್ನೆರಡರಲ್ಲಿ ತಪ್ಪು ಸಿಕ್ಕಿತು: ಒಂದರಲ್ಲಿ ಹುಣಸೆಮರ, ಒಂದರಲ್ಲಿ ಅತ್ತಿಗೆಯ ಜೀವನಾಂಶ. ಎರಡಕ್ಕೂ ತಿದ್ದುಪಡಿ ಪತ್ರ ಬರೆದು ನೋಂದಾಯಿಸಿದರು, ಹಣ ಕೇಳಲಿಲ್ಲ. ಅವರ ಕೈ ಬಿಗಿ ಎಂದು ಮೇಲೆ ಬರೆದಿದ್ದೇನೆ. ಅದು ತಪ್ಪಲ್ಲ, ಆ ತಿಂಗಳು ಮನೆಯಲ್ಲಿ ಕಾಫಿ ನಿಲ್ಲಿಸಿದ್ದರು.

ಆದರೆ ಸೊಂಟದ ಪ್ರಶ್ನೆ ಹಾಗೇ ಉಳಿಯಿತು. ಚಾಪೆಯಲ್ಲಿ ಕೂತರೆ ಮನುಷ್ಯ ಹೋಗುತ್ತಾನೆ, ಕುರ್ಚಿಯಲ್ಲಿ ಕೂತರೆ ಪತ್ರ ಹೋಗುತ್ತದೆ. ನಾಲ್ಕು ದಿನ ಜಗಲಿಯ ಅಂಚನ್ನೇ ನೋಡುತ್ತಾ ಕೂತರು. ಐದನೆಯ ದಿನ ಕೆಂಪನಂಜಾಚಾರಿಗೆ ಹೇಳಿಕಳಿಸಿದರು.

"ಕಾಲು ಕುಯ್ದಾಕು."

"ಯಾರ್ದು?" ಎಂದ ಆಚಾರಿ ಹೆದರಿ.

"ಕುರ್ಚಿದು. ನಾಕು ಬೆರಳು ಬುಟ್ಟು ಮಿಕ್ಕದ್ದೆಲ್ಲ."

ಆಚಾರಿ ಕುರ್ಚಿಯ ಬೆನ್ನನ್ನು ಸವರಿದ. "ಅಣ್ಣೋರೆ, ಕುರ್ಚಿಗ ಕಾಲು ಕೂರ್ಸಾಕ ಕೂಲಿ ಕೊಟ್ಟೋರ್ನ ನೋಡಿವ್ನಿ. ಕುಯ್ಯಾಕ ಕೊಟ್ಟೋರ್ನ ಇವತ್ತೇ ನೋಡ್ದಿ. ಒನ್ನೆ ಮರ ಕನಾ, ಒಂದೇ ಒಂದು ಗಂಟಿಲ್ಲ!"

"ಅದ್ಕೇ ಬೇಗ ಕುಯ್ತದ. ಇಡಿ ಗರಗಸ್ವ."

ಕಾಲು ಹೋದ ಕುರ್ಚಿಯನ್ನು ಜಗಲಿಯ ಅಂಚಿಗೆ ಸರಿಸಿ ಕೂತು ನೋಡಿದರು. ಸೊಂಟಕ್ಕೆ ಆನಿಕೆ ಹಾಗೇ ಇತ್ತು. ಕಾಲು ಅಂಚಿನಿಂದ ಇಳಿದು ಕೆಳಗಿನ ಕಲ್ಲುಮೆಟ್ಟಿಲ ಮೇಲೆ ಪಾದ ಊರಿತು, ಡಾಕ್ಟರು ಹೇಳಿದ ಹಾಗೆಯೇ. ಕೈಮರಗಳ ಮೇಲೆ ಅಡ್ಡ ಹಲಗೆ ಇಟ್ಟುಕೊಂಡರೆ ಅದೇ ಮೇಜು. ಪತ್ರ ಬರೆಸಲು ಬಂದವರು ಎಡಕ್ಕೂ ಬಲಕ್ಕೂ ಅದೇ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂತರು. ಮೊದಲ ದಿನ ಬಂದವನು ಪಕ್ಕದಲ್ಲಿ ಕೂತು ಕುರ್ಚಿಯನ್ನು ಸುತ್ತ ನೋಡಿ, "ಯಾಕಣ್ಣೋರೆ, ಆಚಾರಿ ಮರ ಸಾಲ್ಲಿಲ್ಲ ಅಂದ್ನಾ?" ಎಂದ. ಒಳಗೆ ಚನ್ನಾಜಮ್ಮ ಜೋರಾಗಿ ನಕ್ಕದ್ದು ಬೀದಿಗೆ ಕೇಳಿಸಿತು. ಷಡಕ್ಷರಪ್ಪನವರು ಎಲೆಅಡಿಕೆ ತಟ್ಟೆಯನ್ನು ಅವನ ಕಡೆ ತಳ್ಳಿದರು. ಒಂದು ಪತ್ರಕ್ಕೆ ಮತ್ತೆ ಮೂರು ಗಂಟೆ ಹಿಡಿಯತೊಡಗಿತು.

ಇದಾಗಿ ಹತ್ತು ವರ್ಷ ಕಳೆದಿದೆ. ವ್ಯಾಪಾರದಲ್ಲಿ ನಾನು ಬಹಳ ಸಲ ಸುಮ್ಮನಿದ್ದು ಲಾಭ ಮಾಡಿದ್ದೇನೆ, ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಆದರೆ ಆ ದಿನ ಪತ್ರ ಬರೆದ ಹಾಗೆಯೇ ನೋಂದಣಿಯಾಗಿದ್ದರೆ ನಾನು ಒಬ್ಬಳು ಹೆಂಗಸಿನ ನೀರು ಕದ್ದವನಾಗುತ್ತಿದ್ದೆ, ಅದನ್ನು ಕಳವು ಎಂದು ಯಾರೂ ಕರೆಯುತ್ತಿರಲಿಲ್ಲ. ನಾನು ಹಾಗಾಗದೆ ಉಳಿದದ್ದು ನನ್ನ ಒಳ್ಳೆಯತನದಿಂದಲ್ಲ. ಅದಕ್ಕೆ ನಾನು ಷಡಕ್ಷರಪ್ಪನವರಿಗೆ ಋಣಿ.